‘ತಾನೇ ಹೊಂದಿಸಿಕೊಳ್ಳುತ್ತದೆ’, ಆದರೆ ಯಾರ ಮಾತು ಕೇಳಿ?

ಮಾನ್ಯ ಸಂಪಾದಕರೇ,

ಮನೆಗೆ ಕೊಳ್ಳುವ ವೈಫೈ ಉಪಕರಣಗಳ ಬಗ್ಗೆ ಕಳೆದ ವಾರ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಬಂದ ಬರಹ ಓದಿದೆ. ಒಂದು ಸಾಲು ಅದರಲ್ಲಿ ಮೂರು ಕಡೆ ಬಂದಿದೆ: ‘ಪ್ಲಗ್ ಹಾಕಿದರೆ ಸಾಕು, ಉಳಿದದ್ದನ್ನು ಅದೇ ಹೊಂದಿಸಿಕೊಳ್ಳುತ್ತದೆ, ನೀವು ತಲೆ ಕೆಡಿಸಿಕೊಳ್ಳಬೇಕಿಲ್ಲ.’ ಮೊದಲ ಎರಡು ಮಾತಿಗೆ ನನ್ನ ತಕರಾರಿಲ್ಲ. ಉಪಕರಣಗಳು ತಾವೇ ಹೊಂದಿಸಿಕೊಳ್ಳದೆ ಹೋಗಿದ್ದರೆ ನನ್ನಂಥವರು ಪ್ರತಿ ಕಂಪ್ಯೂಟರಿನ ಮುಂದೆ ಕೂತು ಅಂಕಿ ಟೈಪಿಸುತ್ತಲೇ ಮುದುಕರಾಗುತ್ತಿದ್ದೆವು. ಈ ಪತ್ರ ಮೂರನೆಯ ಮಾತಿಗಾಗಿ.

ನಾನು 23 ವರ್ಷಗಳಿಂದ ಒಂದು ವಸತಿ ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೇನೆ. ನಾಲ್ಕು ಕಟ್ಟಡ, ಗೋಡೆಯ ಮೇಲೆ ಒಂಬೈನೂರು ಚಿಲ್ಲರೆ ಪಾಯಿಂಟು, ನನ್ನ ಜೊತೆ ಇಬ್ಬರು ಹುಡುಗರು. ಒಂದು ಸೋಮವಾರ ಬೆಳಗ್ಗೆ ಹಾಸ್ಟೆಲ್ ಕಟ್ಟಡದಿಂದ ಫೋನ್ ಮೇಲೆ ಫೋನ್. ‘ಸರ್, ನೆಟ್ ಇಲ್ಲ.’ ಪಕ್ಕದ ಕೋಣೆಯವರಿಗೆ ಇದೆಯಾ ಎಂದರೆ, ಇದೆ. ಎದುರು ಕೋಣೆಗೆ? ಇಲ್ಲ. ಕೇಬಲ್ ಸರಿಯಿತ್ತು, ತಂತಿಗಳನ್ನೆಲ್ಲ ಕೂಡಿಸುವ ಸ್ವಿಚ್ ಪೆಟ್ಟಿಗೆಯ ಹಸಿರು ದೀಪಗಳು ಎಂದಿನಂತೆ ಮಿಟುಕುತ್ತಿದ್ದವು. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಒಂದು ವ್ಯತ್ಯಾಸ ಕಣ್ಣಿಗೆ ಬಿತ್ತು. ರಾತ್ರಿಯಿಡೀ ಲ್ಯಾಪ್‌ಟಾಪ್ ಆರಿಸದೆ ಬಿಟ್ಟವರಿಗೆ ನೆಟ್ ಇತ್ತು, ಬೆಳಗ್ಗೆ ಎದ್ದು ಆನ್ ಮಾಡಿದವರಿಗೆ ಇರಲಿಲ್ಲ.

ಒಬ್ಬ ಹುಡುಗನ ಲ್ಯಾಪ್‌ಟಾಪ್ ತೆಗೆದು ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಆ ಯಂತ್ರದ ಸಂಖ್ಯೆ) ನೋಡಿದೆ. ನಮ್ಮಲ್ಲಿ ಎಲ್ಲರ ವಿಳಾಸವೂ 10ರಿಂದ ಶುರುವಾಗುತ್ತದೆ. ಅವನ ಪರದೆಯ ಮೇಲಿದ್ದದ್ದು 192.168.0.14, ಗೇಟ್‌ವೇ (ಹೊರಗೆ ಹೋಗುವ ಬಾಗಿಲು) 192.168.0.1. ನಾನು ಇಟ್ಟುಕೊಳ್ಳದ ಸಂಸಾರ ಇದು ಯಾರದ್ದು?

ನಡೆದದ್ದು ಇಷ್ಟು. ಕಂಪ್ಯೂಟರ್ ಆನ್ ಆದ ಕೂಡಲೇ ತಂತಿಯ ಮೇಲೆ ಎಲ್ಲರಿಗೂ ಕೇಳುವಂತೆ ಕೂಗು ಹಾಕುತ್ತದೆ: ‘ನನಗೊಂದು ವಿಳಾಸ ಕೊಡುವವರು ಯಾರಾದರೂ ಇದ್ದೀರಾ?’ ಕೊಡುವವರು ‘ತಗೋ, ಇದು ನಿನ್ನ ವಿಳಾಸ, ಹೊರಗೆ ಹೋಗಲು ಈ ಬಾಗಿಲು, ತಾಣಗಳ ಹೆಸರು ಹೇಳಿ ವಿಳಾಸ ತಿಳಿಯಲು ಈ ಸರ್ವರ್’ ಎನ್ನುತ್ತಾರೆ. ಅದು ‘ಆಗಲಿ’ ಎನ್ನುತ್ತದೆ, ಅವರು ‘ಸರಿ’ ಎಂದು ಮುದ್ರೆ ಒತ್ತುತ್ತಾರೆ. ಒಟ್ಟು ನಾಲ್ಕು ಮಾತು. ಇದಕ್ಕೆ ಡಿಎಚ್‌ಸಿಪಿ ಎಂದು ಹೆಸರು. ಇಂದಿಗೂ ನಡೆಯುತ್ತಿರುವ ಅದರ ನಿಯಮಾವಳಿ 1997ರದ್ದು. ಈ ನಾಲ್ಕು ಮಾತಿನಲ್ಲಿ ಎಲ್ಲಿಯೂ ‘ನೀವು ಯಾರು?’ ಎಂಬ ಪ್ರಶ್ನೆ ಇಲ್ಲ. ಇಬ್ಬರು ಓಗೊಟ್ಟರೆ ಸಾಮಾನ್ಯವಾಗಿ ಮೊದಲು ಓಗೊಟ್ಟವರ ಮಾತೇ ನಡೆಯುತ್ತದೆ. ನಮ್ಮ ಸರ್ವರ್ ಇದ್ದದ್ದು ಬೇರೆ ಕಟ್ಟಡದಲ್ಲಿ. ಇವನ್ಯಾರೋ ಅದೇ ಕಟ್ಟಡದಲ್ಲಿ ಕೂತು ಬೇಗ ಬೇಗ ಓಗೊಡುತ್ತಿದ್ದ.

ಹುಡುಕುವುದು ಕಷ್ಟವಾಗಲಿಲ್ಲ. ಆ ಗೇಟ್‌ವೇಯ ಮ್ಯಾಕ್ ವಿಳಾಸ (ಕಾರ್ಖಾನೆಯಲ್ಲೇ ಹಾಕುವ ಗುರುತಿನ ಸಂಖ್ಯೆ) ಲ್ಯಾಪ್‌ಟಾಪಿನಲ್ಲೇ ಸಿಕ್ಕಿತು. ಅದರ ಮೊದಲರ್ಧ ನೋಡಿದರೆ ತಯಾರಿಸಿದವರು ಯಾರೆಂದು ಗೊತ್ತಾಗುತ್ತದೆ. ಮನೆ ಬಳಕೆಯ ರೂಟರ್ ಮಾಡುವವರು. ಸ್ವಿಚ್ಚಿನ ಪಟ್ಟಿಯಲ್ಲಿ ಅದೇ ವಿಳಾಸ ಹುಡುಕಿದೆ: ಎರಡನೇ ಮಹಡಿ, ಪೋರ್ಟ್ (ತಂತಿ ಸಿಕ್ಕಿಸುವ ತೂತು) 17. ಬಾಗಿಲು ತಟ್ಟಿದಾಗ ಮೇಜಿನ ಮೇಲೆ ಬಿಳಿ ರೂಟರ್, ಅದರ ಎರಡು ಕೊಂಬು ಮೇಲಕ್ಕೆ. ಹಿಂದೆ ಐದು ತೂತು: ಹೊರಗಿನ ತಂತಿಗೆ ಬೇರೆ ಬಣ್ಣದ್ದು ಒಂದು, ಒಳಗಿನ ಉಪಕರಣಗಳಿಗೆ ನಾಲ್ಕು. ಹುಡುಗ ಗೋಡೆಯ ತಂತಿಯನ್ನು ಆ ನಾಲ್ಕರಲ್ಲಿ ಒಂದಕ್ಕೆ ಸಿಕ್ಕಿಸಿದ್ದ. ಹಾಗಾಗಿ ಆ ಡಬ್ಬಿ ಇಡೀ ಹಾಸ್ಟೆಲನ್ನು ತನ್ನ ಮನೆ ಎಂದುಕೊಂಡು ಬಂದವರಿಗೆಲ್ಲ ವಿಳಾಸ ಹಂಚುತ್ತಿತ್ತು. ಬಯ್ಯೋಣವೆಂದು ಬಾಯಿ ತೆರೆದೆ. ‘ಸರ್, ಕೇಬಲ್ ಹಾಕಿದರೆ ಸಾಕು ಅಂತ ಬಾಕ್ಸ್ ಮೇಲೇ ಬರೆದಿತ್ತು’ ಎಂದ. ಬರೆದಿತ್ತು, ನಿಜ. ನಿಮ್ಮ ಬರಹದಲ್ಲೂ ಅದೇ ಇದೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅದು ಆ ಹುಡುಗನಿಂದಲ್ಲ. ಅವನ ರೂಟರಿಗೆ ಹೊರಗಿನ ದಾರಿಯೇ ಇರಲಿಲ್ಲ, ಆದ್ದರಿಂದ ನೆಟ್ ನಿಂತುಹೋಯಿತು, ಆದ್ದರಿಂದ ನನಗೆ ಫೋನ್ ಬಂತು. ಅದೇ ಜಾಗದಲ್ಲಿ ಕೆಟ್ಟ ಬುದ್ಧಿಯವನೊಬ್ಬ ಕೂತು, ‘ಬಾಗಿಲು ನಾನೇ’ ಎಂದು ಹೇಳಿ, ಬಂದದ್ದನ್ನೆಲ್ಲ ಒಮ್ಮೆ ನೋಡಿ ನಿಜವಾದ ಬಾಗಿಲಿಗೆ ದಾಟಿಸುತ್ತಿದ್ದರೆ? ಎಲ್ಲರಿಗೂ ನೆಟ್ ಇರುತ್ತಿತ್ತು. ಒಬ್ಬರೂ ಫೋನ್ ಮಾಡುತ್ತಿರಲಿಲ್ಲ. ‘ಸರ್, ಎಲ್ಲ ಸರಿಯಾಗಿ ನಡೀತಿದೆ’ ಎಂದು ದೂರು ಕೊಡಲು ಯಾರು ಬರುತ್ತಾರೆ?

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ವಿಳಾಸ ಕೊಡುವ ಅಧಿಕಾರ ಯಾವ ಪೋರ್ಟಿನಿಂದ ಬಂದವರಿಗೆ ಮಾತ್ರ ಎಂದು ಗೊತ್ತುಮಾಡುವ ಸೌಲಭ್ಯ ನಮ್ಮ ಸ್ವಿಚ್ಚುಗಳಲ್ಲೇ ಇತ್ತು. ಡಿಎಚ್‌ಸಿಪಿ ಸ್ನೂಪಿಂಗ್ ಎನ್ನುತ್ತಾರೆ. ಡಬ್ಬಿಯಿಂದ ತೆಗೆದಾಗ ಅದು ಆಫ್ ಆಗಿತ್ತು, ನಾಲ್ಕು ವರ್ಷ ನಾನು ಅದನ್ನು ಆಫ್ ಆಗಿಯೇ ಬಿಟ್ಟಿದ್ದೆ. ಅಂದು ಆನ್ ಮಾಡಿದೆ. ಅವಸರದಲ್ಲಿ ಒಂದು ಸ್ವಿಚ್ಚಿನಲ್ಲಿ ನಮ್ಮದೇ ಸರ್ವರ್ ಕಡೆಯ ತಂತಿಯನ್ನು ನಂಬಿಗಸ್ತರ ಪಟ್ಟಿಗೆ ಸೇರಿಸಲು ಮರೆತು, ಮೂರನೇ ಮಹಡಿಯಲ್ಲಿ ನೆಟ್ ಕೆಡಿಸಿದೆ. ಮತ್ತೆ ಫೋನ್‌ಗಳು. ಈ ಕೆಲಸದಲ್ಲಿ ಭದ್ರತೆಯನ್ನು ಜನ ಯಾಕೆ ಆಫ್ ಮಾಡಿಟ್ಟಿರುತ್ತಾರೆ ಎಂದು ಕೇಳುವವರಿಗೆ ಆ ಮಧ್ಯಾಹ್ನವೇ ಉತ್ತರ. ತೆರೆದಿಟ್ಟ ಬಾಗಿಲಿನಿಂದ ಕಳ್ಳ ಬಂದರೆ ಒಂದು ದಿನ ಗೊತ್ತಾಗಬಹುದು, ಆಗದೆಯೂ ಇರಬಹುದು. ಚಿಲಕ ತಪ್ಪಾಗಿ ಹಾಕಿದರೆ ಐದು ನಿಮಿಷದಲ್ಲಿ ಮೇಲಧಿಕಾರಿಯ ಕರೆ ಬರುತ್ತದೆ.

ಕಳ್ಳನೇ ಬೇಕೆಂದಿಲ್ಲ, ಅದೂ ಸೋಜಿಗ. ಇಂಟರ್‌ನೆಟ್‌ನ ಅಜ್ಜಿ ಎನ್ನಬಹುದಾದ ಆರ್ಪಾನೆಟ್ 1980ರ ಅಕ್ಟೋಬರ್ 27ರಂದು ಹಲವು ಗಂಟೆ ಪೂರ್ತಿ ನಿಂತುಹೋಯಿತು. ಅಲ್ಲಿ ಸುದ್ದಿ ದಾಟಿಸುವ ಪ್ರತಿ ಯಂತ್ರ (ನಾವು ಈಗ ರೂಟರ್ ಎನ್ನುತ್ತೇವೆ, ಅವರು ಇಂಪ್ ಎನ್ನುತ್ತಿದ್ದರು) ತನ್ನ ಸುದ್ದಿಗೆ ಒಂದು ಕ್ರಮಸಂಖ್ಯೆ ಹಾಕಿ ಉಳಿದವರಿಗೆ ಕಳಿಸಬೇಕು, ಹೊಸ ಸಂಖ್ಯೆ ಕಂಡರೆ ಅವರು ಹಳೆಯದನ್ನು ಬಿಟ್ಟು ಹೊಸದನ್ನು ಇಟ್ಟುಕೊಂಡು ಮುಂದಕ್ಕೆ ದಾಟಿಸಬೇಕು. ಸಂಖ್ಯೆ 63ರವರೆಗೆ ಹೋಗಿ ಮತ್ತೆ 0ಯಿಂದ ಶುರು, ಗಡಿಯಾರದ ಮುಳ್ಳಿನಂತೆ. ಯಂತ್ರವೊಂದರ ದೋಷದಿಂದ ಬಿಟ್‌ಗಳು ಉದುರಿ, ಒಂದೇ ಇಂಪಿನ ಹೆಸರಿನಲ್ಲಿ 8, 40, 44 ಎಂಬ ಮೂರು ಸಂಖ್ಯೆಯ ಸುದ್ದಿಗಳು ಒಟ್ಟಿಗೆ ಓಡಾಡತೊಡಗಿದವು. ಸುತ್ತಿನ ಲೆಕ್ಕದಲ್ಲಿ 8ಕ್ಕಿಂತ 40 ಹೊಸದು, 40ಕ್ಕಿಂತ 44 ಹೊಸದು, 44ಕ್ಕಿಂತ ಮತ್ತೆ 8 ಹೊಸದು. ಪ್ರತಿಯೊಂದು ಇಂಪೂ ನಿಯಮ ಪಾಲಿಸುತ್ತ ಮೂರನ್ನೂ ಸುತ್ತಿಸುತ್ತ ಹೋಯಿತು, ಬೇರೆ ಕೆಲಸಕ್ಕೆ ಬಿಡುವೇ ಇಲ್ಲದಂತಾಯಿತು. ಕೊನೆಗೆ ಮನುಷ್ಯರು ಕೂತು, ‘ಆ ಒಂದು ಇಂಪಿನ ಮಾತು ಕೇಳಬೇಡಿ’ ಎಂದು ಎಲ್ಲಕ್ಕೂ ತಿದ್ದುಪಡಿ ಕಳಿಸಬೇಕಾಯಿತು. ಎರಿಕ್ ರೋಸೆನ್ 1981ರಲ್ಲಿ ಇದರ ವರದಿ ಬರೆದರು, ಇಂಟರ್‌ನೆಟ್ ತಂತ್ರಜ್ಞರು ಸಂಖ್ಯೆ ಹಾಕಿ ಪ್ರಕಟಿಸುವ ಟಿಪ್ಪಣಿಗಳ ಸಾಲಿನಲ್ಲಿ ಅದು ಆರ್‌ಎಫ್‌ಸಿ 789. ಹೊಸಬರು ಕೆಲಸಕ್ಕೆ ಸೇರಿದಾಗ ನಾನು ಮೊದಲು ಓದಿಸುವುದು ಅದನ್ನೇ. ಒಬ್ಬರ ತಪ್ಪು ಎಲ್ಲರ ತಪ್ಪಾಗಲು ಎಷ್ಟು ಹೊತ್ತು ಬೇಕು ಎಂಬುದು ಅದರಲ್ಲಿ ಚೆನ್ನಾಗಿ ಕಾಣುತ್ತದೆ.

ಇನ್ನು ಮನೆಯ ವಿಷಯ, ನಿಮ್ಮ ಬರಹ ಇದ್ದದ್ದು ಮನೆಯ ಬಗ್ಗೆಯೇ ಆದ್ದರಿಂದ.

ನನ್ನ ತಂಗಿಯ ಮನೆಯಲ್ಲಿ ಅತ್ತೆಯವರು ಹಾಸಿಗೆ ಹಿಡಿದಿದ್ದಾರೆ. ಕೆಲಸದ ಜಾಗದಿಂದ ನೋಡಲು ಅನುಕೂಲವಾಗಲೆಂದು ಕೋಣೆಯಲ್ಲಿ ಒಂದು ಕ್ಯಾಮೆರಾ ಇಟ್ಟಿದ್ದಳು. ಒಮ್ಮೆ ಅವಳ ಮನೆಗೆ ಹೋದಾಗ ಅಭ್ಯಾಸಬಲದಿಂದ ರೂಟರಿನ ಪುಟ ತೆರೆದೆ. (ನನ್ನನ್ನು ಮನೆಗೆ ಕರೆಯಲು ನೆಂಟರು ಹಿಂಜರಿಯುವುದು ಇದಕ್ಕೇ.) ಹೊರಗಿನಿಂದ ಒಳಬರಲು ಕಿಂಡಿ ಬೇಕಾದರೆ ನಾವೇ ಬರೆಯುವ ಪೋರ್ಟ್ ಫಾರ್ವರ್ಡಿಂಗ್ ಪುಟ ಖಾಲಿ. ಅದರ ಕೆಳಗಿನ ಯುಪಿಎನ್‌ಪಿ ಪುಟದಲ್ಲಿ ಮೂರು ಸಾಲು: ಒಂದು ಅಳಿಯನ ಆಟದ ಪೆಟ್ಟಿಗೆ, ಒಂದು ಕ್ಯಾಮೆರಾ, ಇನ್ನೊಂದು ಆ ಮನೆಯಲ್ಲಿ ಈಗ ಇಲ್ಲದ ಯಾವುದೋ ಉಪಕರಣದ ಹೆಸರಿನಲ್ಲಿ. ನನ್ನ ಫೋನಿನ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ, ಅಂದರೆ ಹೊರಗಿನವನಾಗಿ, ಅವಳ ಮನೆಯ ಐಪಿ ವಿಳಾಸವನ್ನೂ ಕ್ಯಾಮೆರಾದ ಸಾಲಿನಲ್ಲಿದ್ದ ಪೋರ್ಟ್ ಸಂಖ್ಯೆಯನ್ನೂ (ಇದು ತಂತಿಯ ತೂತಲ್ಲ, ರೂಟರ್ ತೆರೆದ ಕಿಂಡಿಯ ಸಂಖ್ಯೆ) ಟೈಪಿಸಿದೆ. ಕ್ಯಾಮೆರಾದ ಲಾಗಿನ್ ಪುಟ ಬಂತು. ಹೆಸರು, ಪಾಸ್‌ವರ್ಡ್ ಎರಡೂ ಕಂಪನಿಯವರು ಕೈಪಿಡಿಯಲ್ಲಿ ಅಚ್ಚು ಹಾಕಿದವೇ. ಎರಡು ಸೆಕೆಂಡಿನಲ್ಲಿ ಅತ್ತೆಯವರ ಮಂಚ, ಮೇಲೆ ಹೊದಿಕೆ, ಗೋಡೆಯ ಕ್ಯಾಲೆಂಡರ್.

‘ಅಣ್ಣಾ, ನಾನು ಏನೂ ಮುಟ್ಟಿಲ್ಲ, ದೇವರಾಣೆಗೂ’ ಎಂದಳು.

‘ನೀನು ಮುಟ್ಟಿಲ್ಲ ಮಾರಾಯ್ತಿ, ಅದೇ ಮುಟ್ಟಿಕೊಂಡಿದೆ.’

ಯುಪಿಎನ್‌ಪಿ ಮಾಡುವುದು ಅಷ್ಟೇ. ಒಳಗಿರುವ ಯಾವುದೇ ಉಪಕರಣ ರೂಟರನ್ನು ‘ಹೊರಗಿನಿಂದ ನನ್ನ ಬಳಿಗೆ ಬರುವ ಕಿಂಡಿಯೊಂದನ್ನು ತೆಗೆ’ ಎಂದರೆ ರೂಟರ್ ತೆಗೆಯುತ್ತದೆ. ಸಾಮಾನ್ಯ ಮನೆಯ ರೂಟರಿನಲ್ಲಿ ಇದಕ್ಕೆ ಪಾಸ್‌ವರ್ಡ್ ಇಲ್ಲ, ಯಜಮಾನಿಯ ಒಪ್ಪಿಗೆ ಇಲ್ಲ. ಒಳಗಿದ್ದವರೆಲ್ಲ ನಮ್ಮವರೇ ಎಂಬ ನಂಬಿಕೆಯ ಮೇಲೆ ಕಟ್ಟಿದ್ದು. ಆದರೆ ಒಳಗಿನ ಲ್ಯಾಪ್‌ಟಾಪಿಗೆ ಬಂದು ಸೇರಿದ ಕೆಟ್ಟ ತಂತ್ರಾಂಶವೂ ಒಳಗಿನದೇ ತಾನೇ? ಇನ್ನೂ ವಿಚಿತ್ರವೆಂದರೆ, ಒಳಗಿನವರಿಗೆ ಮಾತ್ರ ಎಂದು ಮಾಡಿದ ಈ ಸೇವೆ ಹೊರಗಿನವರಿಗೂ ಓಗೊಡುವಂತೆ ಎಷ್ಟೋ ರೂಟರುಗಳನ್ನು ತಯಾರಿಸಿ ಮಾರಿದ್ದರು. ರ‍್ಯಾಪಿಡ್7 ಎಂಬ ಭದ್ರತಾ ಸಂಸ್ಥೆ 2013ರ ಜನವರಿಯಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಇಂಟರ್‌ನೆಟ್‌ನಿಂದ ಕೂಗಿದ ಕೂಗಿಗೆ 8 ಕೋಟಿಗೂ ಹೆಚ್ಚು ವಿಳಾಸಗಳು ‘ಇಲ್ಲಿದ್ದೇನೆ’ ಎಂದಿದ್ದವು. ಬದಲಿಸದ ಪಾಸ್‌ವರ್ಡ್‌ಗಳ ಕಥೆ 2016ರಲ್ಲಿ ಎಲ್ಲರಿಗೂ ತಿಳಿಯಿತು. ಮಿರಾಯ್ ಎಂಬ ತಂತ್ರಾಂಶ-ಹುಳು, ಕಾರ್ಖಾನೆಯಲ್ಲೇ ಹಾಕಿ ಕಳಿಸಿದ 60ರಷ್ಟು ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಪ್ರಯತ್ನಿಸುತ್ತ ಲಕ್ಷಗಟ್ಟಲೆ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡಿತು; ಅದೇ ದಂಡು ಅಕ್ಟೋಬರ್ 21ರಂದು ಡೈನ್ ಕಂಪನಿಯ ಹೆಸರು-ವಿಳಾಸ ಸೇವೆಯ ಮೇಲೆ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥವೂ ಬಹಳ ಜನರಿಗೆ ಸಿಗದಾದವು.

ರೂಟರಿನ ಗುಂಡಿ ಒತ್ತಿ ಜೋಡಿಸುವ ಡಬ್ಲ್ಯುಪಿಎಸ್ ಅನ್ನೂ ನಿಮ್ಮ ಬರಹ ಹೊಗಳಿದೆ. ಗುಂಡಿಯ ಬಗ್ಗೆ ನನಗೆ ಅಷ್ಟು ಕೋಪವಿಲ್ಲ; ಗುಂಡಿ ಒತ್ತಲು ಕೋಣೆಯೊಳಗೆ ಬರಬೇಕಲ್ಲ. ಅದರ ಜೊತೆ ಬರುವ ಎಂಟು ಅಂಕಿಯ ಪಿನ್ ನೋಡಿ. ಎಂಟು ಅಂಕಿ ಎಂದರೆ ಹತ್ತು ಕೋಟಿ ಸಾಧ್ಯತೆ, ಯಾರು ಊಹಿಸುತ್ತಾರೆ ಅನಿಸುತ್ತದೆ. ಆದರೆ ರೂಟರ್ ಮೊದಲ ನಾಲ್ಕು ಸರಿಯೋ ತಪ್ಪೋ ಎಂದು ಬೇರೆಯಾಗಿ ಹೇಳಿಬಿಡುತ್ತದೆ, ಕೊನೆಯ ಅಂಕಿ ಉಳಿದವುಗಳ ಲೆಕ್ಕದಿಂದಲೇ ಬರುತ್ತದೆ. ಹಾಗಾಗಿ ಹತ್ತು ಸಾವಿರ ಮತ್ತು ಒಂದು ಸಾವಿರ, ಒಟ್ಟು 11,000 ಪ್ರಯತ್ನ ಸಾಕು. ಸ್ಟೆಫಾನ್ ಫಿಬೋಕ್ ಇದನ್ನು ತೋರಿಸಿಕೊಟ್ಟದ್ದು 2011ರ ಡಿಸೆಂಬರಿನಲ್ಲಿ.

‘ನಮ್ಮಲ್ಲಿ ಐಪಿವಿ6 (ಐಪಿ ವಿಳಾಸದ ಹೊಸ ಪದ್ಧತಿ) ಇನ್ನೂ ಶುರು ಮಾಡಿಲ್ಲ’ ಎಂದು ನಾನೂ ಸಭೆಗಳಲ್ಲಿ ಹೇಳುತ್ತಿದ್ದೆ. ನಾವು ಶುರು ಮಾಡಿರಲಿಲ್ಲ, ಯಂತ್ರಗಳು ಮಾಡಿದ್ದವು. ವಿಂಡೋಸ್ ವಿಸ್ಟಾ ಕಾಲದಿಂದಲೂ ಅದು ಆನ್ ಆಗಿಯೇ ಬರುತ್ತದೆ. ಅಲ್ಲಿ ವಿಳಾಸ ಬೇಡುವ ಗೋಜೂ ಕಡಿಮೆ. ‘ರೂಟರ್ ನಾನು, ನಮ್ಮ ಬೀದಿಯ ಸಂಖ್ಯೆ ಇದು’ ಎಂದು ಒಬ್ಬರು ಸಾರಿದರೆ ಸಾಕು, ಕೇಳಿದವರೆಲ್ಲ ಅದಕ್ಕೆ ತಮ್ಮ ಮನೆ ಸಂಖ್ಯೆ ಸೇರಿಸಿ ವಿಳಾಸ ಮಾಡಿಕೊಳ್ಳುತ್ತಾರೆ. ಸಾರಿದವರು ನಿಜಕ್ಕೂ ರೂಟರೇ ಎಂದು ಸಹಿ ಮಾಡಿಸಿ ಪರೀಕ್ಷಿಸುವ ವಿಧಾನವನ್ನು 2005ರಲ್ಲೇ ಬರೆದಿಟ್ಟರು. ಸೆಂಡ್ ಎಂದು ಅದರ ಹೆಸರು. ಚೆನ್ನಾಗಿಯೇ ಇದೆ. ಬಳಸುವವರನ್ನು ಈ 23 ವರ್ಷದಲ್ಲಿ ನಾನು ಕಂಡಿಲ್ಲ, ಯಾಕೆಂದರೆ ಅದಕ್ಕೆ ಮೊದಲೇ ಕೀಲಿಗಳನ್ನು ಹಂಚಿಡಬೇಕು. ಕೀಲಿ ಹಂಚುವ ಪುರುಸೊತ್ತು ಇದ್ದವರಿಗೆ ‘ತಾನೇ ಹೊಂದಿಸಿಕೊಳ್ಳುವ’ ನೆಟ್‌ವರ್ಕ್ ಯಾಕೆ ಬೇಕು? ಈ ಕ್ಷೇತ್ರದ ಗಂಟು ಇರುವುದೇ ಇಲ್ಲಿ ಎಂದು ನನ್ನ ಅನಿಸಿಕೆ. ಮೊದಲ ಭೇಟಿಯಲ್ಲಿ ಪರಿಚಯ ಕೇಳಬೇಕಾದರೆ ಅದಕ್ಕೂ ಮೊದಲು ಯಾರೋ ಒಬ್ಬರು ಪರಿಚಯ ಮಾಡಿಸಿರಬೇಕು.

ವಿಪಿಎನ್ (ಸಂಚಾರವನ್ನೆಲ್ಲ ಗುಟ್ಟಾದ ಸುರಂಗದಲ್ಲಿ ಸಾಗಿಸುವ ತಂತ್ರಾಂಶ) ಹಾಕಿಕೊಂಡಿದ್ದೇನೆ, ನನಗೇನು ಎನ್ನುವ ಓದುಗರೂ ಇರುತ್ತಾರೆ. ನಾನೂ ಹಾಗೇ ಎಂದುಕೊಂಡಿದ್ದೆ. 2024ರ ಮೇ ತಿಂಗಳಲ್ಲಿ ಟನಲ್‌ವಿಷನ್ ಎಂಬ ಹೆಸರಿನಲ್ಲಿ ಒಂದು ದೋಷ ಹೊರಬಂತು. ವಿಳಾಸದ ಜೊತೆಗೇ ‘ಇಂಥ ಊರಿಗೆ ಹೋಗಲು ಇಂಥ ದಾರಿ’ ಎಂದು ಹೇಳುವ ಸವಲತ್ತು ಡಿಎಚ್‌ಸಿಪಿಯಲ್ಲಿ 2002ರಿಂದ ಇದೆ, ಆಯ್ಕೆ ಸಂಖ್ಯೆ 121. ಪಕ್ಕದಲ್ಲಿ ಕೂತ ಸುಳ್ಳು ಸರ್ವರ್ ಇದನ್ನು ಬಳಸಿ ಎಲ್ಲ ಊರಿಗೂ ತನ್ನ ದಾರಿಯನ್ನೇ ಹೇಳಿಕೊಟ್ಟರೆ, ವಿಪಿಎನ್ನಿನ ಸುರಂಗ ಹಾಗೇ ನಿಂತಿರುತ್ತದೆ, ಪರದೆಯ ಮೇಲೆ ಬೀಗದ ಚಿತ್ರವೂ ಇರುತ್ತದೆ, ಸಂಚಾರ ಮಾತ್ರ ಸುರಂಗದ ಹೊರಗೆ. ಆಂಡ್ರಾಯ್ಡ್ ಇದರಿಂದ ಪಾರಾಯಿತು. ಜಾಣತನದಿಂದಲ್ಲ, ಅದು ಆ ಆಯ್ಕೆಯನ್ನು ಅಳವಡಿಸಿಕೊಂಡೇ ಇರಲಿಲ್ಲ.

ಇಷ್ಟೆಲ್ಲ ಓದಿ ಇವನು ತಂತಿ ಕಿತ್ತು ಕೂರಿ ಎನ್ನುತ್ತಾನೆ ಎಂದುಕೊಳ್ಳಬೇಡಿ. ಕೈಯಲ್ಲಿ ಟೈಪಿಸಿದ ಕಾಲವನ್ನು ನಾನು ನೋಡಿದ್ದೇನೆ, ಒಂದೇ ವಿಳಾಸವನ್ನು ಎರಡು ಯಂತ್ರಕ್ಕೆ ಕೊಟ್ಟು ಅರ್ಧ ದಿನ ಹುಡುಕಾಡಿದ್ದೇನೆ. ನನ್ನ ಮಾತು ಇಷ್ಟೇ: ತಾನೇ ಹೊಂದಿಸಿಕೊಳ್ಳಲಿ, ಆದರೆ ಮೊದಲ ಸಲ ಯಾರನ್ನು ನಂಬಬೇಕೆಂದು ಮನುಷ್ಯನೊಬ್ಬ ಹೇಳಲಿ, ಒಂದೇ ಸಲ ಸಾಕು. 1999ರಲ್ಲೇ ಫ್ರಾಂಕ್ ಸ್ಟಜಾನೊ, ರಾಸ್ ಆಂಡರ್ಸನ್ ಎಂಬಿಬ್ಬರು ಇದಕ್ಕೆ ಬಾತುಕೋಳಿ ಮರಿಯ ಹೋಲಿಕೆ ಕೊಟ್ಟರು. ಮೊಟ್ಟೆಯಿಂದ ಹೊರಬಂದ ಮರಿ ಮೊದಲು ಕಣ್ಣಿಗೆ ಬಿದ್ದದ್ದನ್ನೇ ತಾಯಿ ಎಂದುಕೊಂಡು ಹಿಂದೆ ಹೋಗುತ್ತದೆ. ಉಪಕರಣವೂ ಮರಿಯೇ, ಆದ್ದರಿಂದ ಆ ಮೊದಲ ನೋಟವನ್ನು ಗಾಳಿಗೆ ಬಿಡಬೇಡಿ, ಮುಟ್ಟಿಸಿ ಮಾಡಿಸಿ, ಆಮೇಲೆ ಆ ತಾಯಿಯ ಮಾತು ಬಿಟ್ಟು ಬೇರೆಯವರ ಮಾತು ಕೇಳದಿರಲಿ ಎಂದರು. ಆಸ್ಪತ್ರೆಯ ನಿಸ್ತಂತು ಥರ್ಮಾಮೀಟರನ್ನು ಉದಾಹರಣೆಯಾಗಿ ಇಟ್ಟುಕೊಂಡು ಬರೆದ ಆ ಪ್ರಬಂಧ ಇಂದು ಓದಿದರೂ ಹಳತೆನಿಸುವುದಿಲ್ಲ. ದೊಡ್ಡ ಸಂಸ್ಥೆಗಳ ಉಪಕರಣಗಳಿಗೆ 2021ರಲ್ಲಿ ಬಂದ ಬ್ರೂಸ್ಕಿ (BRSKI) ಎಂಬ ವಿಧಾನ ಇದೇ ಹಾದಿಯದು: ಪೆಟ್ಟಿಗೆಯಿಂದ ತೆಗೆದ ಯಂತ್ರವನ್ನು ನೆಟ್‌ವರ್ಕ್ ಪರೀಕ್ಷಿಸುತ್ತದೆ, ಯಂತ್ರವೂ ‘ನೀನು ನನ್ನ ಯಜಮಾನನೇ ಎಂಬುದಕ್ಕೆ ತಯಾರಕರ ಚೀಟಿ ತೋರಿಸು’ ಎನ್ನುತ್ತದೆ. ತಯಾರಕರೇ ಅಂಗಡಿ ಮುಚ್ಚಿ ಹೋದರೆ ಚೀಟಿ ಕೊಡುವವರು ಯಾರು ಎಂಬ ತಲೆನೋವು ಅದರಲ್ಲಿದೆ, ಇರಲಿ.

ಕಾನೂನೂ ನಿಧಾನವಾಗಿ ಎಚ್ಚರಗೊಳ್ಳುತ್ತಿದೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಎಲ್ಲ ಡಬ್ಬಿಗೂ ಒಂದೇ ಪಾಸ್‌ವರ್ಡ್ ಹಾಕಿ ಮಾರುವಂತಿಲ್ಲ. ಭದ್ರತಾ ಅಪ್‌ಡೇಟ್ ಕನಿಷ್ಠ ಎಲ್ಲಿಯವರೆಗೆ ಸಿಗುತ್ತದೆ ಎಂದೂ ತಯಾರಕರು ಹೇಳಲೇಬೇಕು.

ನಿಮ್ಮ ಬರಹದ ಜೊತೆ ಆರು ರೂಟರುಗಳ ಹೋಲಿಕೆಯ ಕೋಷ್ಟಕ ಇತ್ತು: ವೇಗ, ವ್ಯಾಪ್ತಿ, ಎಷ್ಟು ಕೊಂಬು, ಎಷ್ಟು ನಿಮಿಷದಲ್ಲಿ ಶುರು. ಮುಂದಿನ ಸಲ ಅದಕ್ಕೆ ಮೂರು ಕಂಬ ಸೇರಿಸಿ ಎಂದು ಕೇಳುವುದಕ್ಕೇ ಇಷ್ಟುದ್ದ ಬರೆದೆ. ಯುಪಿಎನ್‌ಪಿ ಆನ್ ಆಗಿ ಬರುತ್ತದೆಯೋ ಆಫ್ ಆಗಿಯೋ. ಮೊದಲ ಸಲ ತೆರೆದಾಗ ಪಾಸ್‌ವರ್ಡ್ ಬದಲಿಸದೆ ಮುಂದೆ ಬಿಡುತ್ತದೆಯೋ ಇಲ್ಲವೋ. ಅಪ್‌ಡೇಟ್ ಯಾವ ವರ್ಷದವರೆಗೆ. ಮೂರನೆಯದಕ್ಕೆ ಕಂಪನಿಯವರು ಉತ್ತರ ಕೊಡದಿದ್ದರೆ ಆ ಚೌಕವನ್ನು ಖಾಲಿಯೇ ಅಚ್ಚು ಹಾಕಿ.

ಅಂದಹಾಗೆ, ತಂಗಿಯ ಮನೆಯಲ್ಲಿ ಮೂರು ಸಾಲನ್ನೂ ಅಳಿಸಿ ಯುಪಿಎನ್‌ಪಿ ಆಫ್ ಮಾಡಿ ಬಂದೆ. ಮರುದಿನ ಅಳಿಯನ ಫೋನ್: ‘ಮಾಮ, ನನ್ನ ಗೇಮ್ ಕನೆಕ್ಟ್ ಆಗ್ತಿಲ್ಲ.’ ಆ ಒಂದು ಪೋರ್ಟನ್ನು ಕೈಯಲ್ಲೇ ಬರೆದು ತೆರೆಯುವುದನ್ನು ಫೋನಿನಲ್ಲಿ ಅವನಿಗೆ ಹೇಳಿಕೊಟ್ಟೆ, ಇಪ್ಪತ್ತು ನಿಮಿಷ ಹಿಡಿಯಿತು. ಈಗ ಆ ಮನೆಯ ಪಟ್ಟಿಯಲ್ಲಿ ಒಂದೇ ಸಾಲಿದೆ, ಅದನ್ನು ಬರೆದವನು ಯಾರೆಂದು ಅವನಿಗೆ ಗೊತ್ತು.

ಇತಿ,
ನಿಮ್ಮ ಓದುಗ, ಒಬ್ಬ ನೆಟ್‌ವರ್ಕ್ ನಿರ್ವಾಹಕ
(ಸಂಸ್ಥೆಯ ಹೆಸರು, ನನ್ನ ಹೆಸರು ಪ್ರಕಟಿಸಬೇಡಿ. ಪೋರ್ಟ್ 17ರ ಹುಡುಗ ಈಗ ನನ್ನ ಜೊತೆಯಲ್ಲೇ ಕೆಲಸಕ್ಕಿದ್ದಾನೆ.)